ಸಂಬಳದ ಹೊತ್ತಿನಲ್ಲಿ ಮಾಡಿದ ಸೇವೆ

ಕಂಪನಿಯ ನೌಕರರು ಒಂದು ಮಧ್ಯಾಹ್ನ ಬಸ್ಸು ಹತ್ತಿ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಮಸೂರ, ಅಯಸ್ಕಾಂತ ತೋರಿಸಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಾರೆ. ಆ ಮೂರು ಗಂಟೆಗೂ ಅವರಿಗೆ ಸಂಬಳ ಉಂಟು. ಹಾಗಾದರೆ ಇದು ಸೇವೆಯೇ? ಕೊಟ್ಟವರು ಯಾರು, ನೌಕರನೋ ಕಂಪನಿಯೋ? ನಮ್ಮ ಧರ್ಮಕೇಂದ್ರಗಳ ಅನೇಕ ಯುವಕ ಯುವತಿಯರು ಇಂಥ ಕೆಲಸಕ್ಕೆ ಹೋಗುತ್ತಿರುವುದರಿಂದ ಇದು ನಮ್ಮ ಮನೆಗಳ ಪ್ರಶ್ನೆಯೂ ಹೌದು.

2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ, ನಿಗದಿತ ಮಟ್ಟ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವಿನಿಯೋಗಿಸಬೇಕು. ಆದರೆ ನೌಕರರು ಶಾಲೆಯಲ್ಲಿ ಕಳೆದ ಸಮಯಕ್ಕೆ ಬೆಲೆ ಕಟ್ಟಿ ಆ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು 2021ರಲ್ಲಿ ಕೇಂದ್ರ ಸಚಿವಾಲಯ ಸ್ಪಷ್ಟಪಡಿಸಿತು. ಅದರ ಉದ್ದೇಶ ಬರೀ ಲೆಕ್ಕಪತ್ರದ ಶಿಸ್ತೇ ಇರಬಹುದು. ಆದರೂ ಹಣವನ್ನು ಎಣಿಸುವ ಕಾನೂನು ಮನುಷ್ಯನ ಹೊತ್ತನ್ನು ಎಣಿಸಲು ಒಪ್ಪಲಿಲ್ಲವೆಂಬುದು ನನಗೆ ಸಮಾಧಾನ ತಂದಿದೆ.

ಸಂಬಳ ಬಂದ ಮಾತ್ರಕ್ಕೆ ಸೇವೆ ಕೆಡುವುದಿಲ್ಲ. ದಾದಿಗೂ ಸಂಬಳ ಉಂಟು. ಆದರೆ ನಡುರಾತ್ರಿ ರೋಗಿಯ ಪಕ್ಕದಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲುವ ಆಕೆಯ ಮನಸ್ಸನ್ನು ಯಾವ ಸಂಬಳವೂ ಕೊಂಡುಕೊಂಡಿಲ್ಲ. ಪೋಪ್ ಹದಿನಾರನೆಯ ಬೆನೆಡಿಕ್ಟರು 2009ರ ತಮ್ಮ ವಿಶ್ವಪತ್ರದಲ್ಲಿ, ಪ್ರತಿಫಲ ಬಯಸದೆ ಕೊಡುವ ಗುಣಕ್ಕೆ ದೈನಂದಿನ ಆರ್ಥಿಕ ಜೀವನದ ಒಳಗೇ ಸ್ಥಳವಿರಬೇಕೆಂದರು. ವ್ಯಾಪಾರ ಒಂದು ಕಡೆ, ದಾನ ಇನ್ನೊಂದು ಕಡೆ ಎಂಬ ವಿಭಾಗ ಅವರಿಗೆ ಒಪ್ಪಿಗೆಯಾಗಲಿಲ್ಲ.

ನನ್ನನ್ನು ಕಾಡುವುದು ಬೇರೆಯೇ. ಅವರವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸುವುದು ನ್ಯಾಯ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಟ್ಟಿತು. ಚಟುವಟಿಕೆ, ಅನ್ವೇಷಣೆಗಳ ಮೂಲಕ ಕಲಿಸಬೇಕೆಂದು ಅದರ 29ನೆಯ ಕಲಮಿನಲ್ಲೇ ಬರೆದಿದೆ. ಅಂದರೆ ಕೈಯಾರೆ ಪ್ರಯೋಗ ಮಾಡುವುದು ಬಡ ಮಗುವಿಗೆ ಹಾಕುವ ಭಿಕ್ಷೆಯಲ್ಲ, ಅದಕ್ಕೆ ಸಲ್ಲಬೇಕಾದ ಪಾಲು. ಪಾಲು ಪಡೆದವರನ್ನು ಬ್ಯಾನರಿನ ಮುಂದೆ ಬಿಸಿಲಲ್ಲಿ ನಿಲ್ಲಿಸಿ ಕೃತಜ್ಞತೆ ಹೇಳಿಸುವುದೇಕೆ? ಫೋಟೋ ಬೇಕಿದ್ದರೆ ಮಸೂರದೊಳಗೆ ಇಣುಕುತ್ತಿರುವ ಮಗುವಿನದನ್ನು ಬೆನ್ನ ಹಿಂದಿನಿಂದ ತೆಗೆಯಲಿ!

ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಜ್ವಾಲಾಮುಖಿ ಉಕ್ಕಿಸಿದರೆ ತರಗತಿಯೆಲ್ಲ ಚಪ್ಪಾಳೆ. ನೊರೆ ಯಾಕೆ ಬಂತು ಎಂದು ಹಿಂದಿನ ಸಾಲಿನ ಹುಡುಗಿ ಕೇಳುವ ಹೊತ್ತಿಗೆ ಬಸ್ಸು ಹೊರಟಿರುತ್ತದೆ. ಕಂಪನಿಗಳ ನೆರವನ್ನೂ ಪಡೆದು ನಡೆಯುವ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳಲ್ಲಿ ಕಲಿಸುವುದಕ್ಕೆಂದೇ ತರಬೇತಿ ಪಡೆದವರಿರುತ್ತಾರೆ. ಒಂದು ಮಧ್ಯಾಹ್ನದ ಅತಿಥಿಗೆ ಅದು ಸಾಧ್ಯವಿಲ್ಲ, ನಿಜ. ಆದರೆ ಎರಡನೆಯ ಸಲ ಬರುವುದು ಸಾಧ್ಯ. ಕಂಪನಿ ಕಳಿಸದಿದ್ದರೂ, ಹಾಜರಿ ಹಾಕುವವರಿಲ್ಲದಿದ್ದರೂ, ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಂದವನು ತನ್ನದನ್ನು ಕೊಟ್ಟಿದ್ದಾನೆ.

ಶಾಲೆಯ ಶಿಕ್ಷಕಿಯ ಮಾತೊಂದು ಉಳಿಯಿತು. ದಾನವಾಗಿ ಬಂದ ಸೂಕ್ಷ್ಮದರ್ಶಕ ಒಡೆದರೆ ಜವಾಬು ಹೇಳಬೇಕಾದವರು ಅವರೇ. ಅದಕ್ಕೇ ಎಷ್ಟೋ ಕಡೆ ಅದು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತದೆ. ಬಂದವರು ಮಕ್ಕಳಿಗಿಂತ ಮೊದಲು ಆ ಶಿಕ್ಷಕಿಯ ಜೊತೆ ಕೂತು, ಅದನ್ನು ಬಿಚ್ಚಿ ಜೋಡಿಸಲು ಕಲಿಸಲಿ. ಮಕ್ಕಳ ಕೈಯಲ್ಲಿ ಒಡೆದರೆ ಬೇರೆ ತಂದುಕೊಡುತ್ತೇವೆಂದು ಬರೆದೂ ಕೊಡಲಿ.