ಸೆರೆಮನೆಯಲ್ಲಿರುವವನು ಇನ್ನೂ ನಮ್ಮವನೇ?



ಹಬ್ಬದ ಊಟಕ್ಕೆ ಸೇರಿದಾಗ ನಾವು ಮಕ್ಕಳ ಓದು, ಮನೆ ಸಾಲ, ಪಿ.ಆರ್., ಊರಿನಲ್ಲಿರುವ ಅಪ್ಪ ಅಮ್ಮನ ಆರೋಗ್ಯ ಎಲ್ಲದರ ಬಗ್ಗೆಯೂ ಮಾತನಾಡುತ್ತೇವೆ. ಒಂದು ವಿಷಯಕ್ಕೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಮನೆಯವರೊಬ್ಬರು ಜೈಲಿಗೆ ಹೋದರೆ ಉಳಿದವರು ಏನು ಮಾಡಬೇಕು? ನಮ್ಮಂಥವರ ಮನೆಯಲ್ಲಿ ಅದೆಲ್ಲ ಎಲ್ಲಿ ಎಂದು ಕೆಲವರು ಕೇಳಬಹುದು. ಕುಡಿದು ಕಾರು ಓಡಿಸಿ ಒಬ್ಬರ ಪ್ರಾಣ ತೆಗೆದವನಿಗೆ ಎಂಜಿನಿಯರಿಂಗ್ ಪದವಿ ಇದ್ದರೂ ಜೈಲು ತಪ್ಪುವುದಿಲ್ಲ.

ಮೊದಲೆಲ್ಲ ಇಂಥ ಸಂದರ್ಭದಲ್ಲಿ ದೂರವೇ ಒಂದು ನೆಪವಾಗುತ್ತಿತ್ತು. ಪರ್ತ್‌ನ ಜೈಲಿನಲ್ಲಿರುವ ಅಣ್ಣನನ್ನು ನೋಡಲು ಬ್ರಿಸ್ಬೇನ್‌ನ ತಂಗಿ ದೇಶದ ಈ ತುದಿಯಿಂದ ಆ ತುದಿಗೆ ವಿಮಾನದಲ್ಲಿ ಹೋಗಬೇಕಿತ್ತು. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ಪಶ್ಚಿಮ ಆಸ್ಟ್ರೇಲಿಯಾ, ಕ್ವೀನ್ಸ್‌ಲ್ಯಾಂಡ್ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಜೈಲುಗಳಲ್ಲಿ ಮುಖಾಮುಖಿ ಭೇಟಿ ನಿಂತಾಗ, ಅದರ ಬದಲು ವಿಡಿಯೋ ಭೇಟಿ ಬಂತು. ರೋಗದ ಕಾಲ ಮುಗಿದರೂ ಆ ಸೌಲಭ್ಯ ಉಳಿಯಿತು. ಕರ್ನಾಟಕದ ಜೈಲುಗಳಲ್ಲಿರುವವರ ಬಂಧುಗಳಿಗೂ ಇ-ಮುಲಾಕಾತ್ ಎಂಬ ಇಂಥದ್ದೇ ವ್ಯವಸ್ಥೆ ಇದೆ. ದೂರದ ನೆಪ ಹೋದ ಮೇಲೆ ಉಳಿಯುವುದು ಮನಸ್ಸಿನ ಪ್ರಶ್ನೆ. ಅವನನ್ನು ನೋಡಿದರೆ ಅವನ ತಪ್ಪನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೇ? ನಾಲ್ಕು ಜನ ಏನಂದಾರು?

ತಪ್ಪು ಇನ್ನೂ ಸಾಬೀತಾಗದವರ ವಿಷಯವನ್ನು ಮೊದಲು ನೋಡೋಣ. 2007ರ ಜುಲೈ 2ರಂದು ಬೆಂಗಳೂರಿನ ವೈದ್ಯ ಮೊಹಮ್ಮದ್ ಹನೀಫ್ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದ್ದು ಹಲವರಿಗೆ ನೆನಪಿರಬಹುದು. ಬಂಧು ಒಬ್ಬರಿಗೆ ಕೊಟ್ಟಿದ್ದ ಸಿಮ್ ಕಾರ್ಡ್ ಕಾರಣವಾಗಿ ಭಯೋತ್ಪಾದನೆಗೆ ನೆರವಾದ ಆರೋಪ ಬಂತು. ಆಗ ಅವರ ಪತ್ನಿ ಬೆಂಗಳೂರಿನಲ್ಲಿ ಬಾಣಂತಿ. ಹುಟ್ಟಿದ ಮಗಳನ್ನು ಹನೀಫ್ ಇನ್ನೂ ನೋಡಿರಲಿಲ್ಲ. ಜುಲೈ 27ರಂದು ಸರ್ಕಾರಿ ಅಭಿಯೋಜಕರೇ ಆರೋಪ ಹಿಂತೆಗೆದುಕೊಂಡರು. 2008ರಲ್ಲಿ ಕ್ಲಾರ್ಕ್ ವಿಚಾರಣಾ ವರದಿ ಅವರ ವಿರುದ್ಧ ಸಾಕ್ಷ್ಯವಿರಲಿಲ್ಲ ಎಂದಿತು. ಆ ದಿನಗಳಲ್ಲಿ ಅವರ ಮನೆಯವರು ಜೊತೆಗೆ ನಿಂತರು, ಬಂಧುವೊಬ್ಬರು ಬೆಂಗಳೂರಿನಿಂದ ಬ್ರಿಸ್ಬೇನ್‌ಗೇ ಬಂದರು. ನಿರಪರಾಧಿ ಎಂದು ಗೊತ್ತಾಗಲಿ, ಆಮೇಲೆ ಮಾತನಾಡಿಸೋಣ ಎಂದು ಅವರೂ ಕಾದಿದ್ದರೆ?

ನಿಜವಾಗಿಯೂ ತಪ್ಪು ಮಾಡಿದವನ ವಿಷಯ ಇದಕ್ಕಿಂತ ಕಷ್ಟದ್ದು. ಸತ್ತವರ ಮನೆಯಲ್ಲೂ ತಾಯಿ ಇದ್ದಾಳೆ, ಅವಳಿಗೆ ಮಗನನ್ನು ತೋರಿಸುವ ಯಾವ ಪರದೆಯೂ ಇಲ್ಲ. ಇದನ್ನು ಮರೆತು ನಮ್ಮವನಿಗಾಗಿ ಮಾತ್ರ ಅಳುವುದು ಧರ್ಮವಲ್ಲ. ಆದರೆ ಅವನಿಗೆ ಶಿಕ್ಷೆ ಕೊಟ್ಟಾಗಿದೆ, ಕೊಟ್ಟವರು ನ್ಯಾಯಾಧೀಶರು. ಮೂರು ವರ್ಷ ಎಂದು ಬರೆದ ತೀರ್ಪಿನಲ್ಲಿ ಅಮ್ಮನ ಮುಖವನ್ನೂ ನೋಡಕೂಡದು ಎಂದು ಅವರು ಸೇರಿಸಿಲ್ಲ. ನಾವು ದೂರ ನಿಂತಾಗ ಸೇರುವ ಆ ಶಿಕ್ಷೆಗೆ ಯಾವ ಮೇಲ್ಮನವಿಯೂ ಇಲ್ಲ. 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಂಡೇಲಾ ನಿಯಮಗಳು ಕೈದಿ ತನ್ನ ಕುಟುಂಬದೊಡನೆ ಪತ್ರ, ದೂರಸಂಪರ್ಕ ಮತ್ತು ಭೇಟಿಯ ಮೂಲಕ ಸಂಪರ್ಕದಲ್ಲಿರಲು ಅವಕಾಶವಿರಬೇಕು ಎನ್ನುತ್ತವೆ. ಅಮೆರಿಕದ ಮಿನ್ನೆಸೋಟ ರಾಜ್ಯ 2003ರಿಂದ 2007ರವರೆಗೆ ಬಿಡುಗಡೆಯಾದ 16,420 ಕೈದಿಗಳ ಅಧ್ಯಯನ ನಡೆಸಿ, ಜೈಲಿನಲ್ಲಿದ್ದಾಗ ಭೇಟಿ ಪಡೆದವರು ಮತ್ತೆ ಅಪರಾಧಿಗಳಾಗುವ ಸಾಧ್ಯತೆ ಶೇ. 13ರಷ್ಟು ಕಡಿಮೆ ಎಂದು 2011ರಲ್ಲಿ ವರದಿ ಮಾಡಿತು. ಭೇಟಿಯಿಂದ ತಪ್ಪಿಗೆ ಪ್ರೋತ್ಸಾಹ ಸಿಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಹಾಗೆಂದು ಎಲ್ಲರನ್ನೂ ಪರದೆಯ ಮುಂದೆ ಕೂರಿಸುವುದೂ ಸರಿಯಲ್ಲ. ಹೊಡೆತ ತಿಂದವಳು ಅದೇ ಮನೆಯ ಸೊಸೆಯಾಗಿದ್ದರೆ? ಮೋಸ ಹೋದದ್ದು ತಮ್ಮನ ಹಣವಾಗಿದ್ದರೆ? "ಹೋಗಲಿ ಬಿಡಮ್ಮ, ಒಂದು ಮಾತು ಆಡು" ಎಂದು ಹಿರಿಯರು ಒತ್ತಾಯಿಸುವುದು ಅವಳಿಗೆ ಮಾಡುವ ಎರಡನೆಯ ಅನ್ಯಾಯ. ಸಂಪರ್ಕವೇ ಕೂಡದೆಂದು ನ್ಯಾಯಾಲಯದ ಆದೇಶವಿದ್ದರೆ ಅದು ಕಾನೂನು ಭಂಗವೂ ಹೌದು. ಆದ್ದರಿಂದ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಬರುವುದಿಲ್ಲ ಎಂದವರನ್ನು ಕಾರಣ ಕೇಳಬಾರದು. ಬರಲು ಇಷ್ಟವಿದ್ದವರನ್ನು ಮರ್ಯಾದೆಯ ಹೆಸರಿನಲ್ಲಿ ತಡೆಯಲೂಬಾರದು.

ಹೀಗೆ ಒಪ್ಪಿದವರು ಸೇರುವಾಗ ಸ್ವಲ್ಪ ತಯಾರಿ ಬೇಕು. ಅಣ್ಣ ಪರ್ತ್‌ನ ಜೈಲಿನಲ್ಲಿ, ತಂಗಿ ಬ್ರಿಸ್ಬೇನ್‌ನಲ್ಲಿ, ಚಿಕ್ಕಪ್ಪ ಅಡಿಲೇಡ್‌ನಲ್ಲಿ, ಅಪ್ಪ ಅಮ್ಮ ಹಾಸನದಲ್ಲಿ ಇದ್ದಾರೆ ಎಂದುಕೊಳ್ಳಿ. ಪರ್ತ್‌ನಲ್ಲಿ ಬೆಳಿಗ್ಗೆ 10 ಗಂಟೆಯಾದರೆ ಬ್ರಿಸ್ಬೇನ್‌ನಲ್ಲಿ ಮಧ್ಯಾಹ್ನ 12, ಅಡಿಲೇಡ್‌ನಲ್ಲಿ 11.30, ಹಾಸನದಲ್ಲಿ ಬೆಳಿಗ್ಗೆ 7.30. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅಡಿಲೇಡ್ ಮಾತ್ರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಉಳಿದ ಮೂರು ಊರುಗಳು ಬದಲಾಗುವುದಿಲ್ಲ. ಜೈಲು ಕೊಟ್ಟ ಸಮಯಕ್ಕೇ ಎಲ್ಲರೂ ಸಿದ್ಧರಿರಬೇಕು, ತಡವಾದವರಿಗಾಗಿ ಅವರು ಕಾಯುವುದಿಲ್ಲ. ಎಷ್ಟು ಜನ, ಎಷ್ಟು ನಿಮಿಷ, ವಿದೇಶದಿಂದ ಸೇರಬಹುದೇ, ಯಾವ ಗುರುತಿನ ಚೀಟಿ ಬೇಕು ಎಂಬುದು ಜೈಲಿನಿಂದ ಜೈಲಿಗೆ ಬೇರೆ. ಕನ್ನಡದಲ್ಲಿ ಮಾತನಾಡಲು ತೊಂದರೆಯಿಲ್ಲವೇ ಎಂದೂ ಮೊದಲೇ ವಿಚಾರಿಸುವುದು ಒಳ್ಳೆಯದು. ಭೇಟಿಯನ್ನು ಸಿಬ್ಬಂದಿ ಗಮನಿಸುತ್ತಿರುತ್ತಾರೆ, ಆದ್ದರಿಂದ ಮೊಕದ್ದಮೆಯ ಮಾತು ಅಲ್ಲಿ ಬೇಡ.

ಇರುವ ಕೆಲವೇ ನಿಮಿಷಗಳಲ್ಲಿ ಏನು ಮಾತನಾಡಬೇಕು? ಸುಂದರಕಾಂಡದಲ್ಲಿ ಹನುಮಂತ ಸೆರೆಯಲ್ಲಿದ್ದ ಸೀತೆಯ ಮುಂದೆ ಒಮ್ಮೆಲೇ ಧುಮುಕುವುದಿಲ್ಲ. ಮರದ ಮೇಲೆ ಕುಳಿತು, ಸಂಸ್ಕೃತದಲ್ಲಿ ಮಾತನಾಡಿದರೆ ತನ್ನನ್ನು ರಾವಣನೆಂದು ತಿಳಿದು ಹೆದರಿಯಾಳು, ಯಾವ ಭಾಷೆಯಲ್ಲಿ ಹೇಗೆ ಆರಂಭಿಸಲಿ ಎಂದು ಯೋಚಿಸುತ್ತಾನೆ. ಸೀತೆಯದು ತಪ್ಪಿಲ್ಲದ ಸೆರೆ, ನಮ್ಮವನದು ಹಾಗಲ್ಲ. ಆದರೂ ಭೇಟಿಗೆ ಹೋಗುವವನ ಕರ್ತವ್ಯ ಎರಡೂ ಕಡೆ ಒಂದೇ: ತನ್ನ ಸಂಕಟ, ತನ್ನ ಸಿಟ್ಟು ಬದಿಗಿಟ್ಟು, ಎದುರಿಗಿರುವವರಿಗೆ ಏನು ಬೇಕು ಎಂದು ಮೊದಲು ನೋಡುವುದು. ಐದು ಜನ ಒಟ್ಟಿಗೆ ಬುದ್ಧಿ ಹೇಳಿದರೆ ಅದು ಭೇಟಿಯಲ್ಲ, ಪಂಚಾಯಿತಿ. ಅಂಗಳದ ಮಾವಿನ ಮರ ಹೂ ಬಿಟ್ಟಿದೆ, ಮಗಳು ಈಜು ಕಲಿತಳು ಎಂಬ ಸಣ್ಣ ಸುದ್ದಿ ಸಾಕು. ಅವನಾಗಿ ತನ್ನ ತಪ್ಪಿನ ಮಾತೆತ್ತಿದರೆ ತಡೆಯದೆ ಕೇಳೋಣ, ಅದೇನೂ ಆಗಿಲ್ಲವೆಂದು ಸುಳ್ಳು ಸಮಾಧಾನ ಹೇಳುವುದು ಬೇಡ.

ಸಂಪರ್ಕ ಕಡಿದರೆ ಇನ್ನೊಂದು ಅಪಾಯವೂ ಇದೆ. ಪೌರತ್ವ ಪಡೆಯದವರಿಗೆ ಪಿ.ಆರ್. ಎಂಬುದೂ ಒಂದು ವೀಸಾ ಮಾತ್ರ. 12 ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾಗಿ ಜೈಲಿನಲ್ಲಿರುವವರ ವೀಸಾವನ್ನು ರದ್ದು ಮಾಡಲೇಬೇಕೆಂದು ವಲಸೆ ಕಾಯ್ದೆಯ 501ನೇ ಸೆಕ್ಷನ್‌ಗೆ 2014ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು. ರದ್ದತಿಯನ್ನು ಹಿಂತೆಗೆಯುವಂತೆ ಕೋರಲು ಇರುವುದು 28 ದಿನ. ಹೊರಗೆ ಯಾರೂ ಇಲ್ಲದವನು ಆ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ದಿನ ಕಳೆದುಬಿಡಬಹುದು. ಮನೆಯವರು ಸಂಪರ್ಕದಲ್ಲಿದ್ದರೆ ಕೂಡಲೇ ವಕೀಲರನ್ನು ಕಾಣಬಹುದು.

ಕೊನೆಯದಾಗಿ ಮಕ್ಕಳ ವಿಷಯ. ಅಪ್ಪ ಪ್ರಾಜೆಕ್ಟ್ ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದಾರೆ ಎಂಬ ಸುಳ್ಳು ಮೊದಲ ವಿಡಿಯೋ ಭೇಟಿಯಲ್ಲೇ ಬಯಲಾಗುತ್ತದೆ. ವಯಸ್ಸಿಗೆ ತಕ್ಕಷ್ಟು ನಿಜ ಹೇಳಿ, ನೋಡಬೇಕೆಂದರೆ ತೋರಿಸೋಣ, ಬೇಡವೆಂದರೆ ಬಿಡೋಣ. ನಮ್ಮ ನಡುವೆ ಇಂಥ ಕುಟುಂಬವೊಂದು ಇದ್ದರೆ, ಮುಂದಿನ ಪೂಜೆಯ ದಿನ ಪ್ರಸಾದಕ್ಕೆ ಅವರ ಪಕ್ಕದಲ್ಲೇ ಕೂರೋಣ. ಭೇಟಿಯ ದಿನ ಅವರ ಚಿಕ್ಕ ಮಗುವನ್ನು ಒಂದು ಗಂಟೆ ನೋಡಿಕೊಳ್ಳುತ್ತೇವೆ ಎಂದು ನಾವಾಗಿ ಹೇಳಲು ನಮಗೆ ಕಷ್ಟವೇನೂ ಇಲ್ಲ, ಅಲ್ಲವೇ?