ದೀಪದ ಬುಡದಲ್ಲಿ ಕತ್ತಲು

‘ವಾರಕ್ಕೆ ಒಂದು ದಿನ ತಾನೇ ಕೆಲಸ, ಅಯ್ಯನವರಿಗೆ ರಜೆ ಯಾಕೆ?’ ಚರ್ಚಿನ ಮೆಟ್ಟಿಲ ಮೇಲೆ ಈ ತಮಾಷೆ ಕೇಳಿಬರದ ಸಭೆ ಸಿಗುವುದು ಕಷ್ಟ. ಹಾಗೆ ನಕ್ಕವರ ಮನೆಯಲ್ಲೇ ರಾತ್ರಿ ಹನ್ನೊಂದಕ್ಕೆ ಯಾರಿಗಾದರೂ ಎದೆನೋವು ಬಂದರೆ, ಆಂಬುಲೆನ್ಸ್ ಬಿಟ್ಟರೆ ಮುಂದಿನ ಫೋನು ಹೋಗುವುದು ಅದೇ ಅಯ್ಯನವರಿಗೆ. ಭಾನುವಾರದ ಪ್ರಸಂಗ ಎಲ್ಲರಿಗೂ ಕಾಣುತ್ತದೆ. ಆಸ್ಪತ್ರೆಯ ಮಂಚದ ಪಕ್ಕ ಕೂತದ್ದು, ಮುರಿಯುತ್ತಿರುವ ಮದುವೆಗೆ ಪಂಚಾಯಿತಿ ಮಾಡಿದ್ದು, ಸಮಾಧಿಯ ಮಣ್ಣು ಮೆಟ್ಟಿಕೊಂಡೇ ಇನ್ನೊಂದು ಮನೆಯ ನಾಮಕರಣಕ್ಕೆ ಓಡಿದ್ದು ಲೆಕ್ಕಕ್ಕೆ ಬರುವುದಿಲ್ಲ.

‘ದೀಪದ ಬುಡದಲ್ಲಿ ಕತ್ತಲು’ ಎಂಬ ಗಾದೆ ಚುಚ್ಚುವುದಕ್ಕೇ ಹುಟ್ಟಿದ್ದು ಎಂದು ಬಹಳ ಜನ ತಿಳಿದಿದ್ದಾರೆ. ಮೇಷ್ಟರ ಮಗ ಫೇಲಾದರೆ, ಪಾದ್ರಿಯ ಮಗಳು ಆರಾಧನೆಗೆ ಬರದಿದ್ದರೆ ಥಟ್ಟನೆ ನಾಲಿಗೆಗೆ ಬರುವ ಮಾತದು. ಆದರೆ ಒಂದು ಹಣತೆ ಹಚ್ಚಿಟ್ಟು ಎದುರಿಗೆ ಕೂತು ನೋಡಿದರೆ ಗಾದೆಯ ಧ್ವನಿಯೇ ಬೇರೆ. ಗೋಡೆಯ ಮೇಲೆ ಬೆಳಕು, ಕೂತವರ ಮುಖದ ಮೇಲೆ ಬೆಳಕು, ಹಣತೆಯ ಕೆಳಗೆ ಮಾತ್ರ ಬೊಗಸೆಯಷ್ಟು ಕತ್ತಲು. ತಪ್ಪು ಬತ್ತಿಯದಲ್ಲ. ಎಣ್ಣೆ ಹಿಡಿದಿಟ್ಟುಕೊಂಡ ಬಟ್ಟಲೇ ಬೆಳಕಿಗೆ ಅಡ್ಡ ನಿಂತಿದೆ. ಬತ್ತಿ ಏರಿಸಿದರೆ ನೆರಳು ಇನ್ನಷ್ಟು ಕಪ್ಪಾಗಿ ಕಾಣುತ್ತದೆಯೇ ಹೊರತು ಹೋಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಹಣತೆ ಇಟ್ಟು ನೋಡಿ, ಹೋಗುತ್ತದೆ.

ಅಮೆರಿಕದ ಮಿನಿಯಾಪೊಲಿಸ್ ನಗರದ ಬೆತ್ಲೆಹೆಮ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಜಾನ್ ಪೈಪರ್ 1980ರಿಂದ ಪಾಸ್ಟರ್ ಆಗಿದ್ದರು. ಪುಸ್ತಕ, ಪ್ರಸಂಗ, ಸಮ್ಮೇಳನ ಎಂದು ಹೆಸರು ಬಹಳ ದೂರ ಹೋಗಿತ್ತು. 2010ರಲ್ಲಿ ಅವರು ಮೇ 1ರಿಂದ ಡಿಸೆಂಬರ್ 31ರವರೆಗೆ ಎಂಟು ತಿಂಗಳು ಬಿಡುವು ಪಡೆದರು. ಹಗರಣವೇನೂ ಇರಲಿಲ್ಲ. ತಮ್ಮೊಳಗೆ ಅಹಂಕಾರದ ಹಲವು ಬಗೆಗಳು ಕಾಣುತ್ತಿವೆ, ಹೆಂಡತಿಯೊಂದಿಗಿನ ಸಂಬಂಧಕ್ಕೂ ಅವುಗಳ ಏಟು ಬಿದ್ದಿದೆ ಎಂದು ಸಭೆಗೆ ತಾವೇ ಬರೆದು ತಿಳಿಸಿದರು. ಮೂವತ್ತು ವರ್ಷ ಗೋಡೆ ಬೆಳಗಿದವರು ಬುಡದ ನೆರಳಿಗೆ ತಾವೇ ಬೆರಳು ತೋರಿಸಿದ್ದು ಸಣ್ಣ ಮಾತಲ್ಲ. ಇನ್ನೂ ಕುತೂಹಲದ್ದು ಆ ಎಂಟು ತಿಂಗಳು ಏನೇನು ಬೇಡ ಎಂದು ಹಾಕಿಕೊಂಡ ಪಟ್ಟಿ: ಪುಸ್ತಕ ಬರೆಯುವುದು ಬೇಡ, ಪ್ರಸಂಗದ ತಯಾರಿ ಬೇಡ, ಬ್ಲಾಗ್ ಬೇಡ, ಟ್ವಿಟರ್ ಬೇಡ. ಹೊಗಳಿಕೆ ಬರುವ ದಾರಿಗಳೆಲ್ಲ ಬಂದ್!

ಯೂಜಿನ್ ಪೀಟರ್ಸನ್ ಅವರದು ಬೇರೆ ರೀತಿ. ಮೇರಿಲ್ಯಾಂಡಿನ ಬೆಲ್ ಏರ್‌ನಲ್ಲಿ 1962ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯೊಂದನ್ನು ಕಟ್ಟಿ, 1991ರವರೆಗೆ ಅಲ್ಲೇ ಇದ್ದವರು ಅವರು. ನಡುವೆ ಒಂದು ವರ್ಷ ಹೆಂಡತಿಯೊಡನೆ ಮೊಂಟಾನಾದ ಸರೋವರದ ದಡದಲ್ಲಿದ್ದ ತಮ್ಮ ಮನೆತನದ ಮನೆಗೆ ಹೋಗಿ, ಬರೆಯುತ್ತಾ ಪ್ರಾರ್ಥಿಸುತ್ತಾ ಕಳೆದರು. ಒಬ್ಬರಿಗೆ ಲೇಖನಿ ಮುಟ್ಟದಿರುವುದೇ ವಿಶ್ರಾಂತಿ, ಇನ್ನೊಬ್ಬರಿಗೆ ಲೇಖನಿಯೇ ವಿಶ್ರಾಂತಿ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯಲು ಹೋಗಬಾರದು.

ಹಿತ್ತಾಳೆ ದೀಪ ಇರುವ ಮನೆಯವರಿಗೆ ಇನ್ನೊಂದು ವಿಷಯ ಗೊತ್ತು. ದೀಪ ಉರಿಯುತ್ತಿರುವಾಗಲೇ ಎಣ್ಣೆ ಹಾಕಬಹುದು. ಆದರೆ ಜಿಡ್ಡುಗಟ್ಟಿದ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಕಾದರೆ ದೀಪವನ್ನು ಶಾಂತ ಮಾಡಲೇಬೇಕು. ಕನ್ನಡದ ಮನೆಗಳಲ್ಲಿ ಹಿರಿಯರು ದೀಪ ‘ಆರಿಸು’ ಎನ್ನುವುದಿಲ್ಲ, ‘ಶಾಂತ ಮಾಡು’ ಎನ್ನುತ್ತಾರೆ. ವಾರದ ಒಂದು ದಿನದ ಬಿಡುವು ಎಣ್ಣೆ ಹಾಕಿದಂತೆ. ಸಬ್ಯಾಟಿಕಲ್, ಅಂದರೆ ತಿಂಗಳುಗಟ್ಟಲೆಯ ಬಿಡುವು, ದೀಪ ಇಳಿಸಿ ತಿಕ್ಕುವ ಕೆಲಸ.

ಆ ಪದದ ಬೇರು ಬೈಬಲ್ಲಿನ ಸಬ್ಬತ್. ಯಾಜಕಕಾಂಡದ ಕಟ್ಟಳೆಯಂತೆ ಆರು ವರ್ಷ ಬಿತ್ತಿದ ಹೊಲವನ್ನು ಏಳನೆಯ ವರ್ಷ ಬೀಳು ಬಿಡಬೇಕು. ಆ ವರ್ಷದ ವಿಶ್ರಾಂತಿ ಮಣ್ಣಿನದು! ಹಾರ್ವರ್ಡ್ ವಿಶ್ವವಿದ್ಯಾಲಯ 1880ರಲ್ಲಿ ಅದೇ ಲೆಕ್ಕವನ್ನು ಪ್ರಾಧ್ಯಾಪಕರಿಗೆ ಹೊಂದಿಸಿತು. ಪಾಸ್ಟರುಗಳಿಗೆ ಅದು ದಕ್ಕಿದ್ದು ಆಮೇಲೆ. ಹೊಲದಿಂದ ಹೊರಟ ಮಾತು ಇಷ್ಟು ಸುತ್ತಿಕೊಂಡು ಗುಡಿಗೆ ಬಂದಿದೆ.

ದಣಿದ ದೇವರ ಮನುಷ್ಯನಿಗೆ ಏನು ಮಾಡಬೇಕು ಎಂಬುದಕ್ಕೆ ಬೈಬಲ್ಲಿನ ಪ್ರವಾದಿ ಎಲೀಯನ ಕಥೆಗಿಂತ ಒಳ್ಳೆಯ ಪಾಠ ಇಲ್ಲ. ಕರ್ಮೆಲ್ ಬೆಟ್ಟದಲ್ಲಿ ಗೆದ್ದು ಬಂದವನು ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡುತ್ತಾನೆ, ಒಂದು ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ, ಮಲಗಿಬಿಡುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ, ಗದರುವುದೂ ಇಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಮತ್ತೆ ರೊಟ್ಟಿ, ಮತ್ತೆ ನೀರು. ಆಮೇಲೆ ನಲವತ್ತು ದಿನದ ದಾರಿ, ಹೋರೇಬ್ ಬೆಟ್ಟ. ಅಲ್ಲಿ ದೇವರು ಹೇಳಿದ ಕೆಲಸಗಳಲ್ಲಿ ಒಂದು, ಎಲೀಷನನ್ನು ನಿನ್ನ ಜಾಗಕ್ಕೆ ಅಭಿಷೇಕಿಸು ಎಂಬುದು. ಇದೇ ಪಕ್ಕದ ಹಣತೆ.

ನಮ್ಮ ಕಡೆ ಬಂದ ಮಿಶನರಿಗಳಿಗೆ ಈ ಪಾಠ ಜ್ವರ ಕಲಿಸಿತು. ಮದುರೆಯ ಅಮೆರಿಕನ್ ಮಿಶನ್ನಿನವರು ಬಿಸಿಲು ಕಾಯಿಲೆಗಳಿಗೆ ತಮ್ಮವರನ್ನು ಕಳೆದುಕೊಂಡ ಮೇಲೆ 1845ರಲ್ಲಿ ಕೊಡೈಕನಾಲ್ ಬೆಟ್ಟದ ಮೇಲೆ ಬಂಗಲೆ ಕಟ್ಟಿದರು. ಮಂಗಳೂರಿನ ಬಾಸೆಲ್ ಮಿಶನ್ನಿಗೆ ವಿಶ್ರಾಂತಿಗೆ ನೀಲಗಿರಿಯ ಕೇಟಿ ಸಿಕ್ಕಿತು. ಇಂದಿನ ಸಭಾಪಾಲಕರ ಪಾಲಿಗೆ ಅಂಥ ಬಿಡುವಿನ ಬದಲು ಬರುವುದು ಬಹುಮಟ್ಟಿಗೆ ವರ್ಗಾವಣೆ. ಅದು ದೀಪವನ್ನು ಒಂದು ಗೂಡಿನಿಂದ ಇನ್ನೊಂದು ಗೂಡಿಗೆ ಸಾಗಿಸುವುದು, ತಿಕ್ಕುವುದಲ್ಲ.

ಅಮೆರಿಕದ ಲಿಲಿ ಎಂಡೋಮೆಂಟ್ ಎಂಬ ದತ್ತಿಸಂಸ್ಥೆ ಪಾಸ್ಟರುಗಳ ಬಿಡುವಿಗೆ ಹಣ ಕೊಡುತ್ತದೆ. ಬಹುಕಾಲ ಇದ್ದ ಮಿತಿ 50,000 ಡಾಲರ್. ಆ ಮೊತ್ತ ಕೇಳಿ ಇಲ್ಲಿಯ ಖಜಾಂಚಿಗಳು ನಗಬಹುದು. ಗಮನಿಸಬೇಕಾದದ್ದು ಮೊತ್ತವನ್ನಲ್ಲ. ಅರ್ಜಿ ಹಾಕಬೇಕಾದದ್ದು ಪಾಸ್ಟರ್ ಒಬ್ಬರೇ ಅಲ್ಲ, ಸಭೆ. ಆ 50,000ದಲ್ಲಿ 15,000 ಡಾಲರಿನವರೆಗೆ ಸಭೆಯ ಖರ್ಚಿಗೇ ಮೀಸಲಾಗಿತ್ತು. ಪಾಸ್ಟರ್ ಇಲ್ಲದಾಗ ವೇದಿಕೆ ಹತ್ತುವವರ ಸಂಭಾವನೆಯೂ ಅದರಲ್ಲೇ ಬರುತ್ತಿತ್ತು.

ಪೈಪರ್ 2011ರಲ್ಲಿ ಮರಳಿ ವೇದಿಕೆ ಹತ್ತಿದರು, 2013ರಲ್ಲಿ ಸಭೆಯನ್ನು ಇನ್ನೊಬ್ಬರಿಗೆ ಒಪ್ಪಿಸಿದರು. ಇಲ್ಲಿಯ ಸಭೆಗಳು ಎಂಟು ತಿಂಗಳು ಕೊಡಬೇಕಿಲ್ಲ, ಎರಡು ತಿಂಗಳಿಂದ ಶುರು ಮಾಡಲಿ. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಚರ್ಚಿನ ಪೇಂಟಿಂಗ್ ಖರ್ಚಿನ ಮಾತು ಮುಗಿದ ಮೇಲೆ ಯಾರಾದರೊಬ್ಬರು ಎದ್ದು ಕೇಳಲಿ: ‘ಅಯ್ಯನವರೇ, ನೀವು ಕೊನೆಯ ಸಲ ಫೋನ್ ಆಫ್ ಮಾಡಿ ಮಲಗಿದ್ದು ಯಾವಾಗ?’