ಹೊರಬಾರದ ಕೃತಿಯ ಹಕ್ಕು

ಕರ್ತೃವು ಲೋಕಕ್ಕೆ ಒಪ್ಪಿಸದೆ ಬಿಟ್ಟ ಕೃತಿಯನ್ನು ಇತರರು ಹೊರತೆಗೆದು ತೋರಿಸುವುದು ನ್ಯಾಯವೆ? ಪ್ರಶ್ನೆ ಹಳೆಯದು. ರೋಮಿನ ಕವಿ ವರ್ಜಿಲನು ತಾನು ತಿದ್ದಿ ಮುಗಿಸಲಾರದೆ ಹೋದ ಮಹಾಕಾವ್ಯವನ್ನು ಸುಟ್ಟುಬಿಡಬೇಕೆಂದು ಬಯಸಿದನೆಂದೂ, ಚಕ್ರವರ್ತಿ ಅಗಸ್ಟಸನು ಅದನ್ನು ಉಳಿಸಿದನೆಂದೂ ಪ್ರತೀತಿಯುಂಟು. ಮಕ್ಕಳ ವಿನೋದವೆಂದು ಹಲವರು ಕಡೆಗಣಿಸುವ ವೀಡಿಯೊ ಆಟಗಳ ವಿಷಯದಲ್ಲಿ ಅದೇ ಪ್ರಶ್ನೆ ಈಗ ಮತ್ತೆ ತಲೆಯೆತ್ತಿದೆ.

ಜಪಾನಿನ ಕತ್ಸುಹಿರೊ ಒಟೊಮೊ ಅವರು 1988ರಲ್ಲಿ ‘ಅಕಿರ’ ಎಂಬ ಚಲಚ್ಚಿತ್ರವನ್ನು ನಿರ್ದೇಶಿಸಿದರು. ಅದರ ಕಥೆ ನಡೆಯುವುದು 2019ರ ಕಲ್ಪಿತ ಟೋಕಿಯೊ ನಗರದಲ್ಲಿ. 1990ರ ದಶಕದಲ್ಲಿ ಅಮೆರಿಕದ ಟಿಎಚ್‌ಕ್ಯೂ ಸಂಸ್ಥೆಯು ಸೆಗಾ ಮೆಗಾ ಡ್ರೈವ್ ಮೊದಲಾದ ಯಂತ್ರಗಳಿಗಾಗಿ ಈ ಚಿತ್ರವನ್ನಾಧರಿಸಿದ ಆಟವೊಂದನ್ನು ಕೈಗೊಂಡಿತು. ಅದು ಮಾರಾಟಕ್ಕೆ ಬರಲೇ ಇಲ್ಲ. ಕಥೆಯ ಕಾಲವೇ ಆದ 2019ರಲ್ಲಿ, ಹಳೆಯ ಆಟಗಳನ್ನು ಕಾಪಾಡುವ ಆಸಕ್ತರು ಅದರ ಅಪೂರ್ಣ ಪ್ರತಿಯೊಂದನ್ನು ಸಾರ್ವಜನಿಕರ ಮುಂದಿಟ್ಟರು.

ಇದು ತಪ್ಪೆಂಬ ಪಕ್ಷಕ್ಕೆ ಬಲವಿಲ್ಲದಿಲ್ಲ. ಅಡಿಗೆ ಬೇಯುವ ಮೊದಲೇ ಎಲೆಗೆ ಬಡಿಸಿ ರುಚಿಯನ್ನು ಹಳಿಯುವುದು ಅಡಿಗೆಯವನಿಗೆ ಮಾಡುವ ಅನ್ಯಾಯ. ಶಿಲ್ಪಿಗೆ ಅರೆಗೆತ್ತಿದ ವಿಗ್ರಹವನ್ನು ಮರೆಯಲ್ಲಿಡುವ ಸ್ವಾತಂತ್ರ್ಯವಿರಬೇಕು. ಇಂಥ ಆಟಗಳ ಹಕ್ಕು ಸಾಮಾನ್ಯವಾಗಿ ಸಂಸ್ಥೆಗೆ ಸೇರಿದ್ದು. ಸಂಸ್ಥೆ ಮೌನವಾಗಿದ್ದ ಮಾತ್ರಕ್ಕೆ ಅದು ಅನುಮತಿಯಾಗದು.

ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ವರ್ಜಿಲನ ನಿರಾಕರಣೆ ಕರ್ತೃವಿನದು. ಆಟಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ವರ್ತಕನದು. ಸನ್‌ಸಾಫ್ಟ್ ಸಂಸ್ಥೆಯು ‘ಟರ್ಮಿನೇಟರ್’ ಚಿತ್ರಕ್ಕಾಗಿ ಕಟ್ಟುತ್ತಿದ್ದ ಆಟವು, ಚಿತ್ರದ ಹಕ್ಕು ಕೈತಪ್ಪಲಾಗಿ, 1990ರಲ್ಲಿ ‘ಜರ್ನಿ ಟು ಸೈಲಿಯಸ್’ ಎಂಬ ಬೇರೆ ಹೆಸರಿನಿಂದ ಹೊರಬಂದಿತು. ನಿಂಟೆಂಡೊ ಸಂಸ್ಥೆಯ ‘ಸ್ಟಾರ್ ಫಾಕ್ಸ್ 2’ ಎಂಬ ಆಟವು 1990ರ ದಶಕದ ಮಧ್ಯದಲ್ಲಿಯೇ ಸಿದ್ಧವಾಗಿದ್ದರೂ 2017ರವರೆಗೆ ಕತ್ತಲೆಯಲ್ಲಿತ್ತು. ಇದಕ್ಕೆ ವಿರುದ್ಧವಾಗಿ, ‘ಇ.ಟಿ.’ ಚಿತ್ರದ ಆಟವನ್ನು ರಚಿಸಲು ಅಟಾರಿ ಸಂಸ್ಥೆಯ ಹೊವರ್ಡ್ ಸ್ಕಾಟ್ ವಾರ್ಷಾ ಅವರಿಗೆ ದೊರೆತದ್ದು ಸುಮಾರು 5 ವಾರ ಮಾತ್ರ. 1982ರ ಕ್ರಿಸ್ಮಸ್ ಮಾರಾಟಕ್ಕೆಂದು ಅದು ಅವಸರದಲ್ಲಿ ಹೊರಬಿತ್ತು. ಮಿಕ್ಕ ಕಾರ್ಟ್ರಿಜ್‌ಗಳಲ್ಲಿ ಕೆಲವನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಎಂಬಲ್ಲಿ ಹೂಳಿದರು, 2014ರಲ್ಲಿ ಅಗೆದು ತೆಗೆದರು. ಬಲಿಯದ ಕಾಯಿ ಪೇಟೆಗೆ ಹೋಗುವುದೂ, ಮಾಗಿದ ಹಣ್ಣು ಕಣಜದಲ್ಲಿ ಉಳಿಯುವುದೂ ಲೆಕ್ಕದ ಪುಸ್ತಕದ ತೀರ್ಪು. ಅದು ಕಲೆಗಾರನ ಅಂತಃಕರಣದ ತೀರ್ಪೆಂದು ಎಣಿಸಲಾಗದು.

ಇನ್ನೊಂದು ಕಾರಣವು ಕಾಲಕ್ಕೆ ಸಂಬಂಧಿಸಿದ್ದು. ಇಂಥ ಪರೀಕ್ಷಾ ಪ್ರತಿಗಳನ್ನು ಹಲವು ವೇಳೆ ಇಪ್ರಾಮ್ ಎಂಬ ಚಿಪ್ಪುಗಳಲ್ಲಿ ಬರೆದಿಡುತ್ತಿದ್ದರು. ಅವುಗಳಲ್ಲಿ ಬರಹವೆಂದರೆ ಸೆರೆಹಿಡಿದ ವಿದ್ಯುತ್ತಿನ ಅಂಶವೇ. ಅದು ದಶಕಗಳು ಕಳೆದಂತೆ ಮೆಲ್ಲನೆ ಸೋರಿಹೋಗುತ್ತದೆ. ತಾಳೆಯೋಲೆಯನ್ನು ಹುಳು ತಿಂದರೆ ಕಣ್ಣಿಗಾದರೂ ಕಂಡೀತು. ಇಲ್ಲಿ ಹೊರಗೆ ಏನೂ ಕೆಡದೆ ಒಳಗಿನದು ಅಳಿಯುತ್ತದೆ. ಹಕ್ಕುದಾರನು ನೆನೆದು ಬರುವವರೆಗೆ ಕಾಯುತ್ತೇವೆಂಬುದು ಎಷ್ಟೋ ಸಾರಿ ನಾಶಕ್ಕೆ ಒಪ್ಪಿದಂತೆಯೇ ಸರಿ.

ಆದಕಾರಣ ಕಾಪಾಡುವುದು, ತೋರಿಸುವುದು, ಮಾರುವುದು ಎಂಬ ಮೂರನ್ನೂ ಬೇರೆಬೇರೆಯಾಗಿ ತೂಗಬೇಕು. ಪ್ರತಿಮಾಡಿ ಕಾಪಾಡುವುದು ಧರ್ಮವೇ. ಅದರಿಂದ ಯಾರ ಸ್ವತ್ತೂ ಕುಂದುವುದಿಲ್ಲ. ಪರರ ಶ್ರಮವನ್ನು ಮಾರಿ ಹಣಮಾಡುವುದು ಎಂದಿಗೂ ಸಲ್ಲದು. ನಡುವಣದಾದ ತೋರಿಸುವಿಕೆಯೇ ಕಷ್ಟದ್ದು. ಕಾನೂನು ಅದಕ್ಕೆ ಒಲಿಯದೆ ಇರಬಹುದು. ಅದನ್ನು ಮಾಡುವವನು ಆ ಹೊಣೆಯನ್ನು ಅರಿತೇ ಮಾಡತಕ್ಕದ್ದು. ಕೃತಿಯು ಅಪೂರ್ಣವೆಂದು ಸ್ಪಷ್ಟವಾಗಿ ಸಾರಬೇಕು. ಅದನ್ನು ರಚಿಸಿದವರು ಬದುಕಿದ್ದು ಬೇಡವೆಂದರೆ, ಸಂಸ್ಥೆಯ ಮೌನಕ್ಕೆ ಕೊಡದ ಗೌರವವನ್ನು ಅವರ ಮಾತಿಗೆ ಕೊಡಬೇಕು.

ನೋಡುವವರಿಗೂ ಒಂದು ಕರ್ತವ್ಯವುಂಟು. ಮುಗಿಯದ ಕೃತಿಯಲ್ಲಿ ಕಾಣತಕ್ಕದ್ದು ದುಡಿಮೆಯ ಜಾಡು, ಕೈಬಿಟ್ಟ ದಾರಿ, ಕೈಗೂಡದ ಆಸೆ. ಅದನ್ನು ನಗೆಪಾಟಲು ಮಾಡುವವನಿಗೆ ಅದರ ದರ್ಶನದ ಅರ್ಹತೆಯಿಲ್ಲ. ಗುಣದೋಷಗಳ ವಿಚಾರಣೆ ಮುಗಿದ ಕೃತಿಗೆ ಸಲ್ಲುವುದು; ಮುಗಿಯದ್ದಕ್ಕೆ ಸಲ್ಲುವುದು ಸಹಾನುಭೂತಿ.